ಗಂಡ ಹೆಂಡತಿ, ಎರಡು ಸೈನ್ಯ, ಒಂದು ಟೇಬಲ್: ಮನೆಯಲ್ಲಿ ವಾರ್‌ಗೇಮ್ ಶುರು ಮಾಡೋದು ಹೇಗೆ?

ನಮ್ಮ ಮೊದಲ ಯುದ್ಧ 40 ನಿಮಿಷದಲ್ಲಿ ಮುಗಿಯಿತು. ನಮ್ಮನೆಯವರು ಒಂದು ವಾರದಿಂದ ನಿಯಮ ಓದಿಕೊಂಡು ಕೂತಿದ್ದರು. ನನಗೆ ಹೇಳಿಕೊಟ್ಟಿದ್ದು ಅವತ್ತೇ ಸಂಜೆ. ನಾನು ಕುದುರೆ ಮುಂದೆ ಇಟ್ಟರೆ, "ಏ, ಅಲ್ಲಿ ಬ್ಯಾಡ, ಗುಡ್ಡದ ಹಿಂದ ಇಡು" ಅಂದರು. ಹಿಂದೆ ಇಟ್ಟೆ. ಅವರ ಆನೆ ನೆಟ್ಟಗೆ ಅಲ್ಲಿಗೇ ಬಂತು. ನಾಲ್ಕನೇ ಪಾಳಿಗೆ ದಾಳ ಅವರ ಮುಂದೆ ಇಟ್ಟು, "ಎರಡೂ ಕಡೆ ನೀವ ಆಡ್ರಿ, ನಾ ಚಾ ಇಡ್ತೀನಿ" ಅಂತ ಎದ್ದೆ. ಆಮೇಲೆ ಮೂರು ವಾರ ಆ ಡಬ್ಬಿ ಕಪಾಟಿನ ಮೇಲೇ ಇತ್ತು.

ಈಗ ಹೆಚ್ಚುಕಡಿಮೆ ಪ್ರತಿ ಭಾನುವಾರ ಆಡುತ್ತೇವೆ. ನಡುವೆ ಬದಲಾಗಿದ್ದು ಒಂದೇ ವಿಷಯ, ಅದನ್ನು ಮೊದಲೇ ಹೇಳಿಬಿಡುತ್ತೇನೆ: ಎರಡೂ ಸೈನ್ಯ ಇಬ್ಬರದೂ. "ನಿಂದು", "ನಂದು" ಅಂತ ಇಲ್ಲ. ಒಂದೇ ಪರ್ಸಿನ ದುಡ್ಡು, ಒಂದೇ ಡಬ್ಬಿ, ಪ್ರತಿ ಆಟಕ್ಕೂ ಕಡೆ ಅದಲು ಬದಲು. ದೊಡ್ಡ ಊರುಗಳಲ್ಲಿ ಈ ಹವ್ಯಾಸದವರು ತಮ್ಮ ತಮ್ಮ ಸೈನ್ಯ ಕಟ್ಟಿಕೊಂಡು ಕ್ಲಬ್ಬಿಗೆ ಹೋಗಿ ಬೇರೆಯವರ ಜೊತೆ ಆಡುತ್ತಾರೆ. ರಾಯಚೂರಲ್ಲಿ ಅಂಥ ಕ್ಲಬ್ಬು ನಾನಂತೂ ಕಂಡಿಲ್ಲ. ಇಲ್ಲಿ ನಿಮ್ಮ ಎದುರಾಳಿ ಅಂದರೆ ಮನೆಯಲ್ಲಿರುವ ಆ ಒಬ್ಬರೇ. ಅವರು ಮುನಿಸಿಕೊಂಡರೆ ಆಟ ಮುಗಿದ ಹಾಗೆ.

ಏನಿದು ಆಟ?

ಚದುರಂಗದಲ್ಲಿ ಆನೆ, ಕುದುರೆ, ಕಾಲಾಳು ಇರ್ತಾವಲ್ಲ, ಅವನ್ನು ಮನೆಗಳಿಂದ ಬಿಡಿಸಿ ಬಯಲಿಗೆ ಬಿಟ್ಟ ಹಾಗೆ. ಟೇಬಲ್ಲೇ ರಣರಂಗ. ಅದರ ಮೇಲೆ ಗುಡ್ಡ, ಹೊಳೆ, ಊರು. ಬೆರಳುದ್ದದ ಸಿಪಾಯಿ ಗೊಂಬೆಗಳನ್ನು ಟೇಪಿನಲ್ಲಿ ಇಂಚು ಅಳೆದು ನಡೆಸಬೇಕು. ಹೊಡೆದಾಟ ಬಂದಾಗ ದಾಳ ಹಾಕಬೇಕು. ಈ ಗೊಂಬೆಗಳಿಗೆ ಮಿನಿಯೇಚರ್ ಅಂತಾರೆ, ಆಡುವವರ ಬಾಯಲ್ಲಿ ಬರೀ "ಮಿನಿ".

1824ರಲ್ಲಿ ಪ್ರಷ್ಯಾದ ಸೈನ್ಯದವರು ಅಧಿಕಾರಿಗಳ ತರಬೇತಿಗೆ ಇಂಥದ್ದೊಂದು ಆಟ ಬಳಸಲು ಶುರು ಮಾಡಿದರು. 1913ರಲ್ಲಿ ಎಚ್.ಜಿ. ವೆಲ್ಸ್ ಮನೆಯ ನೆಲದ ಮೇಲೆ ಆಟದ ಸಿಪಾಯಿಗಳಿಟ್ಟು ಆಡಲು ನಿಯಮ ಬರೆದ. ಇವತ್ತು ಹೆಚ್ಚು ಹೆಸರಿರುವುದು ಬ್ರಿಟನ್ನಿನ ವಾರ್‌ಹ್ಯಾಮರ್ 40,000, ಅದು ಬಂದಿದ್ದು 1987ರಲ್ಲಿ. ಯೂಟ್ಯೂಬಿನಲ್ಲಿ ಹುಡುಕಿದರೆ ಮೊದಲು ಬರುವುದೂ ಅದೇ. ನೋಡಲು ಚೆಂದ, ಆದರೆ ದುಬಾರಿ, ನಿಯಮವೂ ಜಾಸ್ತಿ. ಅದರಿಂದಲೇ ಶುರು ಮಾಡಬೇಕು ಅಂತ ಏನೂ ಇಲ್ಲ.

ಮೊದಲ ಹೆಜ್ಜೆ: ಏನೂ ಕೊಳ್ಳಬೇಡಿ

ಮನೆಯಲ್ಲಿ ಹಳೇ ಲಗ್ನಪತ್ರಿಕೆಗಳು ಇದ್ದೇ ಇರ್ತಾವೆ. ದಪ್ಪ ಇರುವಂಥವು ತೆಗೆಯಿರಿ. ಒಂದೂವರೆ ಇಂಚು ಅಗಲ, ಒಂದು ಇಂಚು ಎತ್ತರದ ತುಂಡು ಕತ್ತರಿಸಿ. ಒಂದು ಕಡೆಗೆ ಆರು, ಇನ್ನೊಂದು ಕಡೆಗೆ ಆರು. ಪ್ರತಿ ತುಂಡು ಒಂದು ತುಕಡಿ. ಮೇಲೆ "ಕಾಲಾಳು", "ಕುದುರೆ", "ಬಿಲ್ಲು", "ಆನೆ" ಅಂತ ಬರೆಯಿರಿ. ಚಿತ್ರ ಬರೆಯೋಕೆ ಬಂದರೆ ಇನ್ನೂ ಒಳ್ಳೇದು. ಎರಡೂ ಕಡೆ ಸರಿಸಮ ಇರಲಿ: ಮೂರು ಕಾಲಾಳು, ಒಂದು ಕುದುರೆ, ಒಂದು ಬಿಲ್ಲು, ಒಂದು ಆನೆ.

ಟೇಬಲ್ 3 ಅಡಿ ಉದ್ದ, 2 ಅಡಿ ಅಗಲ ಇದ್ದರೆ ಸಾಕು. ಊಟದ ಟೇಬಲ್ ಇಲ್ಲದಿದ್ದರೆ ನೆಲದ ಮೇಲೆ ಚಾಪೆ. ಗುಡ್ಡಕ್ಕೆ ಒಂದು ತಟ್ಟೆ ಬೋರಲು ಹಾಕಿ. ಟೇಲರ್ ಟೇಪು ಒಂದು, ಲೂಡೋ ಡಬ್ಬಿಯ ದಾಳ ಎರಡು, ಒಂದು ಹಿಡಿ ಹುಣಸೆಬೀಜ. ಇಷ್ಟೇ ಸಾಮಾನು.

ನಿಯಮ, ನಾವಿಬ್ಬರೂ ಸೇರಿ ಮಾಡಿಕೊಂಡಿದ್ದು, ಇಲ್ಲಿದೆ. ನಿಮ್ಮ ಪಾಳಿ ಬಂದಾಗ ಒಂದು ದಾಳ ಹಾಕಿ. ಎಷ್ಟು ಬೀಳುತ್ತದೋ ಅಷ್ಟು ತುಕಡಿ ಮಾತ್ರ ನಡೆಸಬಹುದು. ಕಾಲಾಳು ಮತ್ತು ಬಿಲ್ಲು 4 ಇಂಚು, ಆನೆ 6, ಕುದುರೆ 8. ನಡೆಸಿದ ಮೇಲೆ ಬಿಲ್ಲಿನವರು 12 ಇಂಚಿನೊಳಗೆ ಒಬ್ಬರ ಮೇಲೆ ಬಾಣ ಬಿಡಬಹುದು: ದಾಳದಲ್ಲಿ 5 ಅಥವಾ 6 ಬಿದ್ದರೆ ತಗುಲಿತು. ಎದುರಾಳಿಗೆ ತಾಗಿದ ತುಕಡಿ ಹೊಡೆದಾಡಲೇಬೇಕು. ಇಬ್ಬರೂ ಒಂದೊಂದು ದಾಳ ಹಾಕಿ. ಬಯಲಲ್ಲಿ ಕುದುರೆಗೆ 1 ಸೇರಿಸಿ, ಆನೆಗೆ 2. ಗುಡ್ಡದ ಮೇಲಿದ್ದವರಿಗೆ 1. ಪಕ್ಕೆಯಿಂದಲೋ ಬೆನ್ನಿಂದಲೋ ಬಂದವರಿಗೆ 1. ಸೋತ ತುಕಡಿ 2 ಇಂಚು ಹಿಂದೆ ಸರಿಯಬೇಕು, ಅದರ ಪಕ್ಕ ಒಂದು ಹುಣಸೆಬೀಜ ಇಡಬೇಕು. ಬಾಣ ತಗುಲಿದರೂ ಒಂದು ಬೀಜ. ಮೂರನೇ ಬೀಜಕ್ಕೆ ತುಕಡಿ ಔಟ್. ಆನೆ ಸೋತರೆ ಬೆದರಿ 6 ಇಂಚು ಹಿಂದೆ ಓಡುತ್ತದೆ, ದಾರಿಯಲ್ಲಿ ಸಿಕ್ಕ ತಮ್ಮವರಿಗೂ ಒಂದೊಂದು ಬೀಜ. ಯಾರ ಮೂರು ತುಕಡಿ ಮೊದಲು ಹೋಗುತ್ತದೋ ಅವರು ಸೋತರು.

"ಒಂದು ಸೇರಿಸಿದರೆ ಏನು ಮಹಾ ಆಗುತ್ತೆ" ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಇಬ್ಬರೂ ಸಮ ಇದ್ದಾಗ ಎರಡು ದಾಳ ಬೀಳುವ 36 ಬಗೆಯಲ್ಲಿ ನೀವು ಗೆಲ್ಲೋದು 15, ಅವರು ಗೆಲ್ಲೋದು 15, ಸಮ 6. ನಿಮಗೆ ಒಂದು ಜಾಸ್ತಿ ಇದ್ದರೆ ನೀವು ಗೆಲ್ಲೋದು 21, ಅವರು 10 ಮಾತ್ರ. ಎರಡು ಜಾಸ್ತಿ ಆದರೆ 26ಕ್ಕೆ 6. ಗುಡ್ಡ ಹಿಡಿಯೋದು, ಪಕ್ಕೆಗೆ ಬರೋದು ಯಾಕೆ ಬೇಕು ಅನ್ನೋದು ಈ ಲೆಕ್ಕದಲ್ಲೇ ಇದೆ. ನನಗೆ ಇದು ಗೊತ್ತಾದ ವಾರ ಮೊದಲ ಸಲ ಗೆದ್ದೆ. ಅಲ್ಲಿವರೆಗೂ ದಾಳವನ್ನೇ ಬೈಯುತ್ತಿದ್ದೆ.

ಇದೇ ಪತ್ರಿಕೆ ತುಂಡುಗಳಲ್ಲಿ ಮೂರು ಆಟ ಆಡಿ. ಮೂರಕ್ಕೂ ಮೊದಲೇ ಇಬ್ಬರಲ್ಲಿ ಒಬ್ಬರಿಗೆ ಬೇಜಾರು ಬಂದರೆ ಬಿಟ್ಟುಬಿಡಿ. ನಷ್ಟ ಏನೂ ಇಲ್ಲ, ಲಗ್ನವಂತೂ ಮುಗಿದಿದೆ.

ಎರಡನೇ ಹೆಜ್ಜೆ: ಮನೆಯ ಕಾನೂನು

ಗೊಂಬೆ ತರುವ ಮುಂಚೆ ಇದು ಆಗಬೇಕು. ನಮ್ಮ ಟೇಬಲ್ಲಿನ ಕಾನೂನು ಇವು, ಎಲ್ಲಾ ಜಗಳದಿಂದಲೇ ಹುಟ್ಟಿದವು.

ಒಂದನೇದು, ನಿಯಮ ಇಬ್ಬರೂ ಕೂಡಿಯೇ ಓದಬೇಕು. ಒಬ್ಬರು ಮೇಷ್ಟ್ರು, ಒಬ್ಬರು ವಿದ್ಯಾರ್ಥಿ ಆದರೆ ಅದು ಆಟ ಅಲ್ಲ, ಟ್ಯೂಷನ್. ಎರಡನೇದು, ಇನ್ನೊಬ್ಬರ ಪಾಳಿಯಲ್ಲಿ ಬಾಯಿ ಮುಚ್ಚಿಕೊಂಡಿರಬೇಕು. ಕೇಳಿದರೆ ಮಾತ್ರ ಹೇಳಬೇಕು. ನಮ್ಮನೆಯವರಿಗೆ ಇದು ಬಹಳ ಕಷ್ಟ ಆಯಿತು. ಅವರ ಕೈಗೆ ಒಂದು ತಟ್ಟೆ ಮಂಡಾಳು ಕೊಟ್ಟು ಕೂರಿಸಿದ ಮೇಲೆ ಸರಿಹೋಯಿತು. ಮೂರನೇದು, ನಿಯಮದ ಬಗ್ಗೆ ಅನುಮಾನ ಬಂದು ಎರಡು ನಿಮಿಷದಲ್ಲಿ ಉತ್ತರ ಸಿಗದಿದ್ದರೆ ದಾಳ ಹಾಕಿ ಮುಂದೆ ಹೋಗಬೇಕು. ಸರಿ ಯಾವುದು ಅಂತ ರಾತ್ರಿ ನೋಡಿಕೊಂಡರಾಯಿತು. ಒಂದು ಸಲ ಆನೆ ಮರದ ನಡುವೆ ಹೋಗಬಹುದಾ ಅನ್ನೋ ವಾದ ಅರ್ಧ ಗಂಟೆ ನಡೆದು, ಕುಕ್ಕರ್ ಏಳು ಸೀಟಿ ಹೊಡೆದಿತ್ತು.

ಇನ್ನು ಕಡೆ ಬದಲಾಯಿಸೋದು. ಇವತ್ತು ನಾನು ಹಳದಿ ಬಾವುಟ ಆಡಿದರೆ ಮುಂದಿನ ವಾರ ನೀಲಿ. ಇದರಿಂದ ಎರಡು ಲಾಭ. "ನಿಮ್ಮ ಸೈನ್ಯ ಜೋರಿದೆ" ಅನ್ನೋ ದೂರು ಹೋಗುತ್ತದೆ. ಎರಡನೇದು, ಹೋದ ವಾರ ನನ್ನನ್ನು ಸೋಲಿಸಿದ ಅದೇ ಆನೆಯನ್ನು ಈ ವಾರ ನಾನೇ ಹೊಡೆದುಕೊಂಡು ಹೋಗುತ್ತೇನೆ. ಅದರ ಸುಖ ಅನುಭವಿಸಿದವರಿಗೇ ಗೊತ್ತು.

ಒಬ್ಬರು ಸತತ ಮೂರು ಸಲ ಗೆದ್ದರೆ ನಾಲ್ಕನೇ ಆಟದಲ್ಲಿ ಸೋತವರಿಗೆ ಒಂದು ತುಕಡಿ ಜಾಸ್ತಿ. ಕೇಳೋಕೆ ಮುಜುಗರ ಪಡಬೇಡಿ, ಕೊಡೋಕೆ ಜಂಬ ಪಡಬೇಡಿ.

ಮೂರನೇ ಹೆಜ್ಜೆ: ಯಾವ ಗೊಂಬೆ, ಎಷ್ಟು?

ಅಳತೆಯ ವಿಷಯ ಮೊದಲು. ಮಿನಿಗಳಲ್ಲಿ ಹೆಚ್ಚು ನಡೆಯುವುದು 28 ಮಿ.ಮೀ. ಮತ್ತು 15 ಮಿ.ಮೀ. ಅಂದಾಜು ಸಿಪಾಯಿಯ ಎತ್ತರ ಅದು. ಇವೆರಡರ ನಡುವೆ 1/72 ಅನ್ನೋ ಅಳತೆ ಇದೆ, ಸುಮಾರು ಒಂದು ಇಂಚಿನ ಮೆತ್ತನೆ ಪ್ಲಾಸ್ಟಿಕ್ ಸಿಪಾಯಿಗಳು. ಒಂದೇ ಡಬ್ಬಿಯಲ್ಲಿ ಸಾಮಾನ್ಯವಾಗಿ 40ರ ಆಸುಪಾಸು ಕಾಲಾಳು ಸಿಗುವುದರಿಂದ ಜೇಬಿಗೆ ಹಗುರ. ಆದರೆ ಬಗ್ಗುವ ಪ್ಲಾಸ್ಟಿಕ್ ಆದ್ದರಿಂದ ಬಣ್ಣ ಸಿಪ್ಪೆ ಏಳುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು, ಪೂರಾ ಒಣಗಿಸಿ, ಆಮೇಲೆ ಪ್ರೈಮರ್, ಅಂದರೆ ಬಣ್ಣ ಹಿಡಿಯೋಕೆ ಮೊದಲು ಹಚ್ಚುವ ಲೇಪ, ಹಚ್ಚಬೇಕು.

ದೊಡ್ಡ ದೊಡ್ಡ ಸೈನ್ಯ ಎದುರುಬದುರು ನಿಲ್ಲುವ ಆಟ ಬೇಕಿದ್ದರೆ 15 ಮಿ.ಮೀ. ಒಳ್ಳೇದು. ಅದಕ್ಕೆ ಡಿಬಿಎ ಅನ್ನೋ ಹಳೇ ನಿಯಮ ಇದೆ, 1990ರದ್ದು. ಒಂದು ಕಡೆಗೆ 12 ತುಕಡಿ, 2 ಅಡಿ ಚೌಕದ ಜಾಗ, ಸುಮಾರು ಒಂದು ಗಂಟೆಯ ಆಟ. ದಾಳ ಹಾಕಿ ಅಷ್ಟೇ ತುಕಡಿ ನಡೆಸುವ ಉಪಾಯ ನಾನು ಕದ್ದಿದ್ದು ಅಲ್ಲಿಂದಲೇ. ಒಬ್ಬೊಬ್ಬ ಸಿಪಾಯಿಯೂ ಬೇರೆ ಬೇರೆ ಓಡಾಡುವ ಚಿಕ್ಕ ಚಕಮಕಿ ಬೇಕಿದ್ದರೆ 28 ಮಿ.ಮೀ. ತೆಗೆದುಕೊಳ್ಳಿ, ಕಡೆಗೆ ಐದರಿಂದ ಹತ್ತು ಗೊಂಬೆ ಸಾಕು. ಇದಕ್ಕೆ ವನ್ ಪೇಜ್ ರೂಲ್ಸ್‌ನವರ ಮೂಲ ನಿಯಮಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಯಾವ ಕಂಪನಿಯ ಗೊಂಬೆ ಇಟ್ಟರೂ ನಡೆಯುತ್ತದೆ.

ಗೊಂಬೆಗಳು ಆನ್‌ಲೈನಿನಲ್ಲೇ ತರಿಸಬೇಕು. ಹೊರದೇಶದಿಂದ ತರಿಸುವುದಾದರೆ ಗೊಂಬೆಯ ಬೆಲೆಯ ಮೇಲೆ ಸಾಗಣೆ, ಸುಂಕ ಎರಡೂ ಬೀಳುತ್ತವೆ ಅನ್ನೋದು ನೆನಪಿರಲಿ. ತ್ರೀಡಿ ಪ್ರಿಂಟ್ ಮಾಡಿಕೊಡುವವರು ಇದ್ದಾರೆ, ಅವರ ಹತ್ತಿರ ಮಾಡಿಸುವುದು ಅಗ್ಗ. ಪ್ರಿಂಟರನ್ನೇ ಮನೆಗೆ ತರುವ ಯೋಚನೆ ಮೊದಲ ವರ್ಷ ಬೇಡ. ರೆಸಿನ್ ಪ್ರಿಂಟರಿನ ದ್ರವ, ಅಂದರೆ ಗಟ್ಟಿಯಾಗಿ ಗೊಂಬೆಯಾಗುವ ರೆಸಿನ್, ಚರ್ಮಕ್ಕೆ ಆಗೋದಿಲ್ಲ. ಗ್ಲೋವ್ಸ್ ಬೇಕು, ಗಾಳಿಯಾಡುವ ಬೇರೆ ಕೋಣೆ ಬೇಕು. ಮಕ್ಕಳಿರುವ ಎರಡು ಕೋಣೆಯ ಮನೆಗೆ ಅದಲ್ಲ.

ಒಂದು ಮಾತು. ಎರಡೂ ಸೈನ್ಯ ಒಟ್ಟಿಗೇ ತರಿಸಿ, ಒಂದೇ ಅಳತೆಯದು, ಕಮ್ಮಿಯಾದರೂ ಸರಿ. "ಮೊದಲು ನಂದು, ಮುಂದಿನ ತಿಂಗಳು ನಿಂದು" ಅಂದರೆ ಆ ಮುಂದಿನ ತಿಂಗಳು ಬರೋದೇ ಇಲ್ಲ.

ನಾಲ್ಕನೇ ಹೆಜ್ಜೆ: ಬಣ್ಣ, ಅದೂ ರಾಯಚೂರಿನ ಬಿಸಿಲಲ್ಲಿ

ಕೊಪ್ಪಳದ ಹತ್ತಿರದ ಕಿನ್ನಾಳಕ್ಕೆ ಹೋಗಿ ಬನ್ನಿ. ಅಲ್ಲಿನ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ ಕೆತ್ತಿ, ಹುಣಸೆಬೀಜದ ಅಂಟಿನಿಂದ ತುಂಡು ಜೋಡಿಸಿ, ಅದೇ ಅಂಟಿನಲ್ಲಿ ಮರದ ಹೊಟ್ಟು ಕಲಸಿ ಸಂದು ತುಂಬುತ್ತಾರೆ. ಮೇಲೆ ಬಿಳಿ ಲೇಪ, ಅದು ಒಣಗಿದ ಮೇಲೇ ಬಣ್ಣ. ಮಿನಿ ಬಣ್ಣ ಹಚ್ಚುವುದೂ ಇದೇ ಕ್ರಮ: ಜೋಡಿಸು, ಸಂದು ತುಂಬು, ಪ್ರೈಮರ್ ಹಚ್ಚು, ಬಣ್ಣ ಹಚ್ಚು. ಯೂಟ್ಯೂಬಿನಲ್ಲಿ ಹತ್ತು ವಿಡಿಯೋ ನೋಡಿದಾಗ ತಲೆಗೆ ಹೋಗದ್ದು ನನಗೆ ಅಲ್ಲಿ ಹತ್ತು ನಿಮಿಷ ನಿಂತಾಗ ಹೋಯಿತು.

ಪ್ಲಾಸ್ಟಿಕ್ ಮಿನಿಗಳು ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ. ಕೈಯಿಂದ ತಿರುಚಿ ಮುರಿಯಬೇಡಿ, ಗೊಂಬೆಯ ಕತ್ತಿ ಜೊತೆ ಅದರ ಕೈಯೂ ಕಿತ್ತು ಬರುತ್ತದೆ. ಎಲೆಕ್ಟ್ರಾನಿಕ್ಸ್ ರಿಪೇರಿಯವರು ವೈರ್ ಕತ್ತರಿಸುವ ಚಿಕ್ಕ ಕಟರ್ ಸಾಕು. ಗಟ್ಟಿ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಸಿಮೆಂಟ್ ಅನ್ನೋ ಅಂಟು, ರೆಸಿನ್ ಮತ್ತು ಲೋಹಕ್ಕೆ ಸೂಪರ್ ಗ್ಲೂ.

ಪ್ರೈಮರ್ ಸ್ಪ್ರೇ ಬೆಳಗ್ಗೆ ಆರರಿಂದ ಏಳರೊಳಗೆ ಮುಗಿಸಿ. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಮಧ್ಯಾಹ್ನ ಹೊಡೆದರೆ ಬಣ್ಣ ಗೊಂಬೆ ಮುಟ್ಟುವ ಮುಂಚೆ ಗಾಳಿಯಲ್ಲೇ ಅರ್ಧ ಒಣಗುತ್ತದೆ. ಆಗ ಗೊಂಬೆ ಮೇಲೆ ರವೆ ಉದುರಿಸಿದ ಹಾಗೆ ತರಿತರಿ. ನಮ್ಮ ಮೊದಲ ನಾಲ್ಕು ಕುದುರೆಗಳಿಗೆ ಇವತ್ತಿಗೂ ಸಿಡುಬು ಬಂದ ಹಾಗೆ ಮೈ ಇದೆ.

ಬಣ್ಣಕ್ಕೆ ದುಬಾರಿ ಬಾಟಲಿ ಬೇಡ. ಸ್ಟೇಷನರಿ ಅಂಗಡಿಯ ಅಕ್ರಿಲಿಕ್ ಬಣ್ಣ ಸಾಕು, ಆದರೆ ದಪ್ಪ ಇರುತ್ತದೆ. ನೀರು ಬೆರೆಸಿ ಹಾಲಿನ ಹದಕ್ಕೆ ತನ್ನಿ. ಒಂದು ದಪ್ಪ ಪದರಕ್ಕಿಂತ ಎರಡು ತೆಳು ಪದರ ಮೇಲು. ದಪ್ಪ ಹಚ್ಚಿದರೆ ಕಣ್ಣು ಮೂಗು ಮುಚ್ಚಿಹೋಗುತ್ತದೆ. ಇಲ್ಲಿನ ಸೆಕೆಗೆ ಬಣ್ಣ ತಟ್ಟೆಯಲ್ಲೇ ಒಣಗುತ್ತದೆ, ಅದಕ್ಕೆ ಒಂದು ಉಪಾಯ. ಚಪ್ಪಟೆ ಟಿಫಿನ್ ಡಬ್ಬಿಯಲ್ಲಿ ತೆಳು ಸ್ಪಂಜು ಹಾಸಿ, ನೀರು ಹಾಕಿ ನೆನೆಸಿ, ಮೇಲೆ ಬಟರ್ ಪೇಪರ್ ಹಾಸಿ. ಬಣ್ಣ ಆ ಪೇಪರ್ ಮೇಲೆ ಇಡಿ. ಕೆಳಗಿನ ತೇವ ಬಣ್ಣವನ್ನು ಗಂಟೆಗಟ್ಟಲೆ ಹಸಿ ಇಡುತ್ತದೆ. ಮುಚ್ಚಳ ಹಾಕಿಟ್ಟರೆ ಮಾರನೇ ದಿನಕ್ಕೂ ಬರುತ್ತದೆ.

ಬ್ರಶ್ಶಿನಲ್ಲಿ ಎಲ್ಲರೂ ತಪ್ಪೋದು ಒಂದೇ ಕಡೆ. ಕೂದಲೆಳೆಯಷ್ಟು ಸಣ್ಣದು ಕೊಳ್ಳುತ್ತಾರೆ. ಅದರಲ್ಲಿ ಬಣ್ಣ ನಿಲ್ಲುವುದೇ ಇಲ್ಲ, ಗೊಂಬೆಯ ಹತ್ತಿರ ಒಯ್ಯುವಷ್ಟರಲ್ಲಿ ಒಣಗಿರುತ್ತದೆ. ಮೊನೆ ಚೂಪಾಗಿರುವ 2 ನಂಬರಿನ ರೌಂಡ್ ಬ್ರಶ್ಶು ಮುಕ್ಕಾಲು ಕೆಲಸ ಮಾಡುತ್ತದೆ.

ಬಣ್ಣ ಹಚ್ಚಿದ ಮೇಲೆ ತೆಳು ಕಂದು ನೀರು ಮೇಲಿಂದ ಬಿಡಿ. ಮಡಿಕೆಗಳಲ್ಲಿ ಇಳಿದು ನೆರಳು ತಾನೇ ಮೂಡುತ್ತದೆ. ಇದಕ್ಕೆ ವಾಶ್ ಅಂತಾರೆ. ಒಣಗಿದ ಮೇಲೆ, ಹಳೇ ಬ್ರಶ್ಶಿಗೆ ತಿಳಿ ಬಣ್ಣ ಹಚ್ಚಿ, ಬಟ್ಟೆಗೆ ಒರೆಸಿ, ಉಳಿದಷ್ಟರಲ್ಲಿ ಗೊಂಬೆಯ ಉಬ್ಬು ಜಾಗಗಳ ಮೇಲೆ ಸವರಿ. ಇದು ಡ್ರೈಬ್ರಶ್. ಈ ಎರಡೇ ಗೊತ್ತಿದ್ದರೆ ಎರಡಡಿ ದೂರದಿಂದ ನೋಡುವವರು ಬಾಯಿ ತೆರೆದು ನೋಡುತ್ತಾರೆ. ಕಣ್ಣುಗುಡ್ಡೆ ಬರೆಯೋಕೆ ಹೋಗಬೇಡಿ. ನಾನು ಬರೆದ ಒಬ್ಬ ಸರದಾರ ಇವತ್ತಿಗೂ ಮೆಳ್ಳಗಣ್ಣ.

ಕೆಲಸ ಹಂಚಿಕೊಳ್ಳಿ. ನಮ್ಮಲ್ಲಿ ಜೋಡಿಸೋದು, ಪ್ರೈಮರ್ ಅವರದು. ಬಟ್ಟೆ, ಬಾವುಟ, ಕುದುರೆ ಝೂಲು ನನ್ನದು. ಒಬ್ಬರ ಕೈಕೆಲಸ ಎರಡೂ ಸೈನ್ಯದಲ್ಲಿ ಇರುವುದರಿಂದ ಯಾವುದು ಸತ್ತರೂ ಇಬ್ಬರಿಗೂ ಸಮಾ ಹೊಟ್ಟೆ ಉರಿ.

ನಮ್ಮ ಅತ್ತೆ ಮೊದಲು "ಈ ವಯಸ್ಸಿನಾಗ ಗೊಂಬಿ ಆಟೇನವ್ವಾ" ಅಂತಿದ್ದರು. ಈಗ ಬಾವುಟದ ಬಣ್ಣ ಯಾವುದಿರಬೇಕು ಅಂತ ಅವರೇ ಹೇಳುತ್ತಾರೆ.

ಐದನೇ ಹೆಜ್ಜೆ: ನೆಲ, ಗುಡ್ಡ, ಹೊಳೆ

ಇದರಲ್ಲಿ ನಮ್ಮ ಕಡೆಯವರು ಪುಣ್ಯವಂತರು. ಆನೆಗುಂದಿ ಕಡೆಯ ಬಂಡೆಗುಡ್ಡ ನೋಡಿದ್ದೀರಲ್ಲ, ಒಂದರ ಮೇಲೊಂದು ಪೇರಿಸಿಟ್ಟ ಹಾಗೆ? ರಸ್ತೆ ಬದಿಯ ಜಲ್ಲಿಕಲ್ಲು ನಾಲ್ಕು ತಂದು ರಟ್ಟಿನ ಮೇಲೆ ಫೆವಿಕಾಲಿನಲ್ಲಿ ಅಂಟಿಸಿದರೆ ಅದೇ ಗುಡ್ಡ. ಕಲ್ಲಿಗೆ ಬಣ್ಣವೂ ಬೇಡ. ಗೊಂಬೆಯ ಅಡಿಗೆ ಜರಡಿ ಹಿಡಿದ ಮರಳು. ಪೊದೆಗೆ ತೆಂಗಿನ ನಾರು. ಚಾ ಸೋಸಿದ ಮೇಲೆ ಉಳಿದ ಪುಡಿ ಒಣ ಎಲೆಯ ಹಾಗೆ ಕಾಣುತ್ತದೆ, ಆದರೆ ಎರಡು ದಿನ ಬಿಸಿಲಲ್ಲಿ ಒಣಗಿಸಿ, ಇಲ್ಲದಿದ್ದರೆ ಬೂಸು ಹಿಡಿಯುತ್ತದೆ. ನನ್ನ ತವರು ಬಳ್ಳಾರಿ. ಜೀನ್ಸ್ ಹೊಲಿಯುವ ಕಡೆ ತುಂಡು ಬಟ್ಟೆಗೆ ಬರವಿಲ್ಲ. ಅಣ್ಣ ಕಳಿಸಿದ ಖಾಕಿ ಡೆನಿಮ್ಮೇ ನಮ್ಮ ಬಯಲು. ನೀಲಿ ಡೆನಿಮ್ಮಿನ ಉದ್ದ ಪಟ್ಟಿ ಹೊಳೆ. ಸಂಡೂರು ಕಡೆಯಿಂದ ಬರುವಾಗ ಚಪ್ಪಲಿಗೆ ಹತ್ತಿದ ಅದಿರಿನ ಕೆಂಪು ಧೂಳನ್ನು ಕೂಡ ಬಿಟ್ಟಿಲ್ಲ. ಕುದುರೆ ಕಾಲಿಗೆ ಸವರಿ, ಮೇಲೆ ಮ್ಯಾಟ್ ವಾರ್ನಿಶ್ ಹೊಡೆದರೆ ದಿನವೆಲ್ಲಾ ಓಡಿ ಬಂದ ಕುದುರೆಯ ಹಾಗೆ ಕಾಣುತ್ತದೆ.

ಥರ್ಮಾಕೋಲಿನ ಬಗ್ಗೆ ಮಾತ್ರ ಹುಷಾರು. ಒಂದಿಡೀ ಶನಿವಾರ ಕೂತು ಥರ್ಮಾಕೋಲಿನಲ್ಲಿ ಕೋಟೆ ಗೋಡೆ ಕೊರೆದಿದ್ದೆ. ಕಲ್ಲಿನ ಸಾಲು, ಬತೇರಿ, ಬಾಗಿಲು ಎಲ್ಲಾ. ಬೂದು ಸ್ಪ್ರೇ ಹೊಡೆದೆ. ಸಣ್ಣಗೆ ಚುರ್ ಅಂತ ಸದ್ದು ಬಂತು. ನೋಡುತ್ತಾ ಇದ್ದ ಹಾಗೇ ಬತೇರಿ ಒಳಕ್ಕೆ ಕುಸಿದು, ಬಾಗಿಲು ಇದ್ದ ಕಡೆ ತೂತು ಬಿತ್ತು. ಸ್ಪ್ರೇಯಲ್ಲಿರುವ ಸಾಲ್ವೆಂಟು ಥರ್ಮಾಕೋಲನ್ನು ಕರಗಿಸುತ್ತದೆ. ಸೂಪರ್ ಗ್ಲೂ ಕೂಡ ಅದನ್ನು ತಿನ್ನುತ್ತದೆ. ಅಂಟಿಸಲು ಫೆವಿಕಾಲ್, ಬಣ್ಣಕ್ಕೆ ಬ್ರಶ್ಶಿನಲ್ಲಿ ಅಕ್ರಿಲಿಕ್, ಅಷ್ಟೇ. ಕರಗಿದ ಆ ಕೋಟೆಯನ್ನು ಎಸೆಯಲಿಲ್ಲ. ಈಗ ಅದು ಪಾಳು ಕೋಟೆ, ಸೊಗಸಾಗಿದೆ.

ಆರನೇ ಹೆಜ್ಜೆ: ನಮ್ಮೂರಿನ ಯುದ್ಧವನ್ನೇ ಆಡಿ

ಐದಾರು ಆಟ ಆದ ಮೇಲೆ ಸುಮ್ನೆ ಬಯಲಲ್ಲಿ ಹೊಡೆದಾಡೋದು ಬೇಜಾರು ಬರುತ್ತದೆ. ಆಗ ಕತೆ ಬೇಕು. ನಮಗೆ ಕತೆ ಹುಡುಕಲು ಎಲ್ಲಿಗೂ ಹೋಗಬೇಕಿಲ್ಲ. ಕೃಷ್ಣೆ ತುಂಗಭದ್ರೆಯ ನಡುವಿನ ಈ ದೋಆಬಿಗಾಗಿ ವಿಜಯನಗರದವರೂ ಬಹಮನಿಗಳೂ, ಆಮೇಲೆ ಬಿಜಾಪುರದವರೂ ಎಷ್ಟು ಸಲ ಹೊಡೆದಾಡಿದರೋ.

ನಾವು ಆರಿಸಿಕೊಂಡಿದ್ದು 1520ರ ರಾಯಚೂರು ಯುದ್ಧ. ಕೃಷ್ಣದೇವರಾಯ ಕೋಟೆಗೆ ಮುತ್ತಿಗೆ ಹಾಕಿದ್ದ. ಬಿಡಿಸಲು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾ ತೋಪುಗಳ ಸಮೇತ ಕೃಷ್ಣೆ ದಾಟಿ ಬಂದ. ತೋಪಿನ ಮೊದಲ ಏಟಿಗೆ ವಿಜಯನಗರದ ಮುಂಚೂಣಿ ಚೆದುರಿತು. ಆಮೇಲೆ ರಾಯ ತಿರುಗಿ ಬಿದ್ದು ಅವರನ್ನು ಹೊಳೆಯವರೆಗೆ ಅಟ್ಟಿದ. ಇದರ ವಿವರ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫರ್ನಾವೊ ನುನಿಜ್ ಬರೆದಿಟ್ಟಿದ್ದಾನೆ. ಕೋಟೆ ಮುತ್ತಿಗೆಯಲ್ಲಿ ಪೋರ್ಚುಗೀಸ್ ಬಂದೂಕಿನವರೂ ರಾಯನ ಕಡೆ ಇದ್ದರು.

ಟೇಬಲ್ಲಿಗೆ ಇಳಿಸಿದ್ದು ಹೀಗೆ. ಒಂದು ಉದ್ದ ಅಂಚಿಗೆ ನೀಲಿ ಡೆನಿಮ್, ಅದು ಕೃಷ್ಣೆ. ಅದಕ್ಕೆ ಬೆನ್ನು ಹಾಕಿ ಆದಿಲ್ ಶಾ ಕಡೆಯವರು: ಎರಡು ತೋಪು, ಎರಡು ಕುದುರೆ, ಎರಡು ಕಾಲಾಳು. ಎದುರಿಗೆ ವಿಜಯನಗರ: ಎರಡು ಆನೆ, ಎರಡು ಕುದುರೆ, ನಾಲ್ಕು ಕಾಲಾಳು. ತೋಪು 18 ಇಂಚು ಹೊಡೆಯುತ್ತದೆ, 4 ಅಥವಾ ಅದಕ್ಕಿಂತ ಮೇಲೆ ಬಿದ್ದರೆ ಏಟು. ಆದರೆ ಒಂದು ಪಾಳಿ ಹೊಡೆದರೆ ಮುಂದಿನ ಪಾಳಿ ಮದ್ದು ತುಂಬಲು ಹೋಗುತ್ತದೆ. ಜಾಗ ಬದಲಿಸಿದ ಪಾಳಿಯಲ್ಲೂ ಹೊಡೆಯುವಂತಿಲ್ಲ. ಮೊದಲ ಪಾಳಿ ಆದಿಲ್ ಶಾನದು. ಹಿಂದೆ ಸರಿಯುತ್ತಾ ಹೊಳೆಗೆ ತಾಗಿದ ತುಕಡಿ ಬೀಜದ ಲೆಕ್ಕವಿಲ್ಲದೆ ಔಟ್. ಆದಿಲ್ ಶಾ ಕಡೆ ಮೂರು ಹೋದರೆ ಸೋಲು, ವಿಜಯನಗರದ ಕಡೆ ನಾಲ್ಕು.

ಇಡೀ ಆಟ ಆ ಮದ್ದು ತುಂಬುವ ಒಂದು ಪಾಳಿಯಲ್ಲಿದೆ. ರಾಯನ ಕಡೆಯವರು ಏಟು ತಿಂದ ಕೂಡಲೇ ಓಡಬೇಕು, ಕಾದರೆ ಕೆಟ್ಟರು. ಆದಿಲ್ ಶಾ ಆಡುವವರು ಎರಡು ತೋಪನ್ನೂ ಒಟ್ಟಿಗೆ ಹಾರಿಸಬಾರದು. ಒಂದಾದ ಮೇಲೊಂದು ಹಾರಿಸಬೇಕು. ನಮ್ಮನೆಯವರು ಮೊದಲ ಸಲ ಎರಡನ್ನೂ ಒಟ್ಟಿಗೆ ಹಾರಿಸಿದರು. ನಾನು ಏನೂ ಹೇಳಲಿಲ್ಲ. ಕಾನೂನು ಕಾನೂನೇ ಅಲ್ವಾ? ನನ್ನ ಎರಡೂ ಕುದುರೆ ತುಕಡಿ 8 ಇಂಚು ಮುಂದೆ ಹೋದವು.

ಎತ್ತಿಡುವುದು, ಮತ್ತೆ ನಾಲ್ಕು ಜನ ಆದಾಗ

ಗೊಂಬೆಯ ಅಡಿಗೆ ಸಣ್ಣ ಅಯಸ್ಕಾಂತ ಅಂಟಿಸಿ, ಕಬ್ಬಿಣದ ತಗಡಿನ ಬಿಸ್ಕತ್ತು ಡಬ್ಬಿಯಲ್ಲಿ ನಿಲ್ಲಿಸಿ. ಬಸ್ಸಿನಲ್ಲಿ ಬಳ್ಳಾರಿವರೆಗೆ ಒಯ್ದರೂ ಒಂದೂ ಬೀಳಲ್ಲ. ಸ್ಟೀಲ್ ಡಬ್ಬಿ ಆದರೆ ಅಂಗಡಿಯಲ್ಲೇ ಅಯಸ್ಕಾಂತ ಹಚ್ಚಿ ನೋಡಿ, ಕೆಲವಕ್ಕೆ ಹಿಡಿಯುವುದಿಲ್ಲ. ಆ ಸಣ್ಣ ಅಯಸ್ಕಾಂತಗಳನ್ನು ಮಕ್ಕಳ ಕೈಗೆ ಮಾತ್ರ ಸಿಗದ ಹಾಗೆ ಇಡಿ. ಎರಡು ಮೂರು ನುಂಗಿದರೆ ಹೊಟ್ಟೆಯೊಳಗೆ ಒಂದಕ್ಕೊಂದು ಅಂಟಿ ಕರುಳಿಗೆ ತೂತು ಬೀಳಬಹುದು, ಆಪರೇಷನ್ನೇ ಗತಿ ಆಗಬಹುದು. ಅಂಟು, ಬ್ಲೇಡು ಕೂಡ ಮೇಲಿನ ಕಪಾಟಿಗೆ.

ಪಕ್ಕದ ಮನೆಯ ಜೋಡಿ ಬಂದು "ನಾವೂ ಆಡ್ತೀವಿ" ಅಂದರೆ ಸೈನ್ಯವನ್ನು ಅರ್ಧರ್ಧ ಹಂಚಿ, ಒಂದು ಕಡೆಗೆ ಇಬ್ಬಿಬ್ಬರು. ಗಂಡ ಹೆಂಡತಿಯನ್ನು ಒಂದೇ ಕಡೆ ಕೂರಿಸಬೇಡಿ. ಎದುರಾಳಿಗಳಾಗಿ ಆಡಿದವರು ನಗುತ್ತಾ ಎದ್ದಿದ್ದಾರೆ. ಒಂದೇ ಕಡೆ ಕೂತ ಜೋಡಿ ಯಾರ ಆನೆ ಯಾರನ್ನು ತುಳಿಯಿತು ಅನ್ನೋದನ್ನು ಗೇಟಿನವರೆಗೂ ಮಾತಾಡಿಕೊಂಡು ಹೋದರು.